ಓಟಿ ಬಾಗಿಲಲ್ಲಿ ಹೇಳುವ ಸುಳ್ಳು

ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗಳಿಂದಾಗಿ ಮಕ್ಕಳ ಹೃದಯದ ಆಪರೇಷನ್ ಎಂದರೆ ಬೆಂಗಳೂರಿನ ಹೊರವಲಯ ಎನ್ನುವಂತಾಗಿದೆ. ಹರ್ನಿಯಾ, ಟಾನ್ಸಿಲ್‌ಗಳಿಗಂತೂ ಪೀಣ್ಯದ ಸುತ್ತಮುತ್ತಲ ನರ್ಸಿಂಗ್ ಹೋಮೇ ಸಾಕು. ಸರ್ಜನ್ನರ ಕೈಗುಣದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಓಟಿ (ಆಪರೇಷನ್ ಥಿಯೇಟರ್) ಬಾಗಿಲಲ್ಲಿ ಕಳೆಯುವ ಐದು ನಿಮಿಷದ ಬಗ್ಗೆ, ಅದೂ ಯಾವುದೋ ಒಂದು ಆಸ್ಪತ್ರೆಯ ಮೇಲಲ್ಲ, ನಮ್ಮೆಲ್ಲರ ರೂಢಿಯ ಮೇಲೆ.

"ಒಳಗೆ ಐಸ್‌ಕ್ರೀಮ್ ಕೊಡ್ತಾರೆ ಪುಟ್ಟಾ" ಎನ್ನುತ್ತಾಳೆ ತಾಯಿ. ಮಗು ನಂಬುವುದಿಲ್ಲ. ಯಾಕಾದರೂ ನಂಬಬೇಕು? ಊಟ ಬಿಟ್ಟಾಗಲೆಲ್ಲ "ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ" ಎಂದು ಹೆದರಿಸಿದವರೂ ಮನೆಯವರೇ. ಮೇಲೆ ಹಸಿವು. ಅರಿವಳಿಕೆಗೆ ಮುನ್ನ ಗಟ್ಟಿ ಆಹಾರಕ್ಕೆ 6 ಗಂಟೆ, ತಾಯಿಹಾಲಿಗೆ 4, ತಿಳಿನೀರಿಗೆ 2 ಗಂಟೆ ಅಂತರ ಸಾಕು. ನೀರಿಗೆ 1 ಗಂಟೆ ಸಾಕೆಂದು ಯುರೋಪಿನ ತಜ್ಞರು 2018ರಲ್ಲೇ ಹೇಳಿದ್ದಾರೆ. ಆದರೂ "ರಾತ್ರಿ ಹನ್ನೆರಡರ ಮೇಲೆ ಏನೂ ಬೇಡ" ಎಂಬ ಒಂದೇ ಮಾತಿನಲ್ಲಿ ಎಲ್ಲರನ್ನೂ ಉಪವಾಸ ಕೆಡವುವುದು ಸುಲಭ.

ಭಯ ತಗ್ಗಿಸಿ ಮಂಪರು ತರುವ ಔಷಧಿ ಇಲ್ಲವೆಂದಲ್ಲ. ಮಿಡಜೋಲಾಮ್ ಕುಡಿಸಬಹುದು, ಡೆಕ್ಸ್‌ಮೆಡಿಟೊಮಿಡಿನ್ ಮೂಗಿಗೆ ಬಿಡಬಹುದು. ಮೊದಲನೆಯದಕ್ಕೆ 20–30 ನಿಮಿಷ, ಎರಡನೆಯದಕ್ಕೆ ಇನ್ನೂ ಸ್ವಲ್ಪ ಹೆಚ್ಚು ಕಾಯಬೇಕು. ಓಟಿ ಪಟ್ಟಿ ಉದ್ದವಿದ್ದ ದಿನ ಕತ್ತರಿ ಬೀಳುವುದು ಈ ಕಾಯುವಿಕೆಗೇ. ಮಂಪರು ಏರುವ ಮೊದಲೇ ಮಗುವನ್ನು ಎತ್ತಿಕೊಂಡು ಹೋದರೆ ಔಷಧಿ ಕೊಟ್ಟೂ ಕೊಡದಂತೆ.

ಅಮ್ಮನನ್ನೂ ಒಳಗೆ ಬಿಟ್ಟರೆ ಸರಿಹೋಗುತ್ತದೆ ಎಂಬ ವಾದವನ್ನೂ ನಾನು ಪೂರ್ತಿ ಒಪ್ಪಲಾರೆ. ಹೆತ್ತವರು ಬರೀ ಪಕ್ಕದಲ್ಲಿ ನಿಂತ ಮಾತ್ರಕ್ಕೆ ಮಗುವಿನ ಭಯ ಇಳಿಯುವುದಿಲ್ಲ ಎಂದು 2015ರ ಕೊಕ್ರೇನ್ ಪರಾಮರ್ಶೆ ಹೇಳಿದೆ. ಕೈಯಲ್ಲಿನ ವಿಡಿಯೋ ಗೇಮ್, ವಿದೂಷಕ ವೇಷದವರ ಆಟ ಇವುಗಳಲ್ಲಿ ಅದಕ್ಕೆ ಹೆಚ್ಚು ಭರವಸೆ ಕಂಡಿತು. ಹಾಗಿದ್ದರೆ ಮೊಬೈಲಿನ ಕಾರ್ಟೂನನ್ನು ಬಾಗಿಲಲ್ಲೇ ಕಿತ್ತುಕೊಳ್ಳುವುದೇಕೆ? ಅರಿವಳಿಕೆಯ ಮಾಸ್ಕ್ ಮುಖಕ್ಕೆ ಬರುವವರೆಗೂ ಅದು ಓಡುತ್ತಿರಲಿ.

ನನಗೆ ಹೆಚ್ಚು ಹಿಡಿಸಿದ್ದು ಯೇಲ್ ವಿಶ್ವವಿದ್ಯಾಲಯದ ಝೀವ್ ಕೇನ್ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಇಡೀ ಕುಟುಂಬವನ್ನು ಮೊದಲೇ ಸಿದ್ಧಪಡಿಸಿದರು, ಮಾಸ್ಕನ್ನು ಮನೆಗೇ ಕಳಿಸಿ ಅಭ್ಯಾಸ ಮಾಡಿಸಿದರು. ಆ ಮಕ್ಕಳಿಗೆ ಭಯ ಕಡಿಮೆ, ಎಚ್ಚರವಾಗುವಾಗಿನ ರಂಪವೂ ಕಡಿಮೆ, ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ನಮ್ಮಲ್ಲೂ ಇದು ಆಗದ್ದಲ್ಲ. ಬೊಮ್ಮಸಂದ್ರಕ್ಕೆ ಬಂಗಾಳಿ, ಒಡಿಯಾ ಬಿಟ್ಟರೆ ಬೇರೆ ಭಾಷೆ ತಿಳಿಯದ ಮಕ್ಕಳೂ ಬರುತ್ತಾರೆ. ಗೊಂಬೆಯ ಮೂಗಿಗೆ ಮಾಸ್ಕ್ ಹಿಡಿದು ಆಡಿಸಲು ದುಭಾಷಿ ಬೇಕಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಗೆ ಇದಕ್ಕೆಂದೇ ಇನ್ನೊಂದು ರಜೆ ಸಿಗುವುದಿಲ್ಲ, ನಿಜ. ಆಪರೇಷನ್‌ಗೆ ಮುಂಚಿನ ಅರಿವಳಿಕೆ ತಪಾಸಣೆಗೆ ಹೇಗೂ ಬರಬೇಕಲ್ಲ, ಆ ದಿನವೇ ಮಾಸ್ಕ್ ಕೈಗೆ ಕೊಡಬಹುದು.

ಇನ್ನು ಆಪರೇಷನ್ ಮುಗಿದ ಮೇಲಿನದು. ಸೆವೊಫ್ಲುರೇನ್ ಎಂಬ ಅರಿವಳಿಕೆ ಅನಿಲದಿಂದ ಮಗು ಬೇಗ ಮಲಗುತ್ತದೆ, ಬೇಗ ಏಳುತ್ತದೆ, ಏಳುವಾಗ ಕೆಲವು ಮಕ್ಕಳು ಬೇರೆಯವರೇ ಆಗಿಬಿಡುತ್ತಾರೆ. ಕಣ್ಣು ತೆರೆದಿದೆ, ಅಮ್ಮನ ಗುರುತಿಲ್ಲ. ಒದೆತ, ಚೀರಾಟ, ಕೈಯ ಸೂಜಿ ಕೀಳುವ ಹಟ. ಎರಡರಿಂದ ಐದು ವರ್ಷದವರಲ್ಲಿ ಇದು ಹೆಚ್ಚು. ನೋವಿದೆಯೇ ಎಂದು ಮೊದಲು ನೋಡಬೇಕು. ಅದಿಲ್ಲದಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ. ಆಪರೇಷನ್ನಿನ ಕೊನೆಯಲ್ಲಿ ಕೊಡುವ ಸ್ವಲ್ಪ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧಿ ಇದನ್ನು ತಗ್ಗಿಸಬಲ್ಲದು. ಇಷ್ಟನ್ನು ಮೊದಲೇ ಹೇಳದಿದ್ದರೆ ಅಪ್ಪ ತಲೆಗೇನೋ ಆಯಿತೆಂದು ಬೆವರುತ್ತಾನೆ, ಅಜ್ಜಿ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹುಡುಕುತ್ತಾಳೆ. ಅಜ್ಜಿಯದು ತಪ್ಪೆನ್ನಲಾರೆ, ತಿಳಿಸಬೇಕಾದವರು ತಿಳಿಸಿಲ್ಲ.

ನಿಮ್ಮ ಮಗುವಿಗೆ ಆಪರೇಷನ್ ಗೊತ್ತಾಗಿದ್ದರೆ ಅರಿವಳಿಕೆ ವೈದ್ಯರನ್ನು ಮೂರು ಮಾತು ಕೇಳಿ: ಕೊನೆಯ ಗುಟುಕು ನೀರು ಎಷ್ಟು ಗಂಟೆಗೆ, ಮಂಪರಿನ ಔಷಧಿ ಎಷ್ಟು ಮೊದಲು, ಎಚ್ಚರವಾಗುವಾಗ ನಾವು ಪಕ್ಕದಲ್ಲಿರಬಹುದೇ. ಮಗುವಿಗೆ ಮಾತ್ರ ಐಸ್‌ಕ್ರೀಮಿನ ಕಥೆ ಬೇಡ.