ಹವಳದ ತೊಟ್ಟಿಗೆ ಯಾಂತ್ರಿಕ ಕಾವಲುಗಾರ: ಕೊಳ್ಳಬೇಕೆ, ಬೇಡವೆ?

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವವರನ್ನು ನೀವು ನೋಡಿರುತ್ತೀರಿ. ಅಂಥದೇ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳವನ್ನು ಬೆಳೆಸುವ ಹವ್ಯಾಸವೂ ಒಂದಿದೆ. ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಇದಕ್ಕೆ ಅಪಾರ ಅಭಿಮಾನಿಗಳಿದ್ದಾರೆ. ಹವಳ ಕಲ್ಲಿನಂತೆ ಕಂಡರೂ ಅದು ಪ್ರಾಣಿ. ಅದರ ಅಂಗಾಂಶದೊಳಗೆ ಸೂಕ್ಷ್ಮ ಶೈವಲಗಳು ನೆಲೆಸಿ, ದ್ಯುತಿಸಂಶ್ಲೇಷಣೆಯಿಂದ ಆಹಾರ ತಯಾರಿಸಿ ಅದಕ್ಕೆ ಪಾಲು ಕೊಡುತ್ತವೆ. ಈ ಕೂಡುಬಾಳುವೆ ಬಹಳ ನಾಜೂಕಿನದು. ನೀರಿನ ಉಷ್ಣತೆ, ಲವಣತೆ, ಕ್ಷಾರೀಯತೆಗಳು ಸ್ವಲ್ಪ ಏರುಪೇರಾದರೂ ಅದಕ್ಕೆ ಆಪತ್ತು.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 1ನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದಾಗಲಿ, ಲಕ್ಷದ್ವೀಪದಿಂದಾಗಲಿ ಒಂದು ತುಂಡು ಹವಳವನ್ನು ಮುರಿದು ತರುವುದು ಅಪರಾಧ. ಆದ್ದರಿಂದ ನಿಮ್ಮನ್ನು ಹವಳ ಸಾಕಲು ಪ್ರೇರೇಪಿಸುವುದು ಈ ಲೇಖನದ ಉದ್ದೇಶವಲ್ಲ. ಆ ತೊಟ್ಟಿಗಳಿಗಾಗಿ ಮಾರಾಟವಾಗುವ ಸ್ವಯಂಚಾಲಿತ ನಿಯಂತ್ರಕ ಎಂಬ ಉಪಕರಣವನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದಷ್ಟೇ ಇಲ್ಲಿಯ ಕೆಲಸ. ಅಮೆರಿಕದ ಯಾವುದೋ ಊರಿನಲ್ಲಿ 200 ಲೀಟರ್ ನೀರಿನ ಹವಳದ ತೊಟ್ಟಿಯೊಂದಿದೆ. ಅದರ ಒಡೆಯರು ನೀವೇ ಎಂದು ಸದ್ಯಕ್ಕೆ ಭಾವಿಸಿಕೊಳ್ಳಿ. ಈ ಯಂತ್ರವನ್ನು ನೀವು ಕೊಳ್ಳುವಿರಾ?

ಯಂತ್ರ ಮಾಡುವುದೇನು?

ಅಮೆರಿಕದ ನೆಪ್ಚೂನ್ ಸಿಸ್ಟಮ್ಸ್ ಸಂಸ್ಥೆಯ ಏಪೆಕ್ಸ್, ಜರ್ಮನಿಯ ಜಿಎಚ್‌ಎಲ್ ಸಂಸ್ಥೆಯ ಪ್ರೊಫಿಲಕ್ಸ್ ಈ ಬಗೆಯ ಉಪಕರಣಗಳಲ್ಲಿ ಹೆಸರಾದವು. ತಯಾರಕರು ಬೇರೆಯಾದರೂ ತತ್ತ್ವ ಒಂದೇ. ಉಷ್ಣತೆ, ಪಿಎಚ್, ಲವಣತೆಗಳನ್ನು ಅಳೆಯುವ ಸಂವೇದಕಗಳು ನೀರಿನಲ್ಲಿರುತ್ತವೆ. ಅವು ಕಳಿಸಿದ ಅಳತೆಗಳನ್ನು ಪುಟ್ಟ ಗಣಕವೊಂದು ಓದುತ್ತದೆ. ನೀವು ಕೊಟ್ಟ ನಿಯಮಕ್ಕೆ ಅನುಸಾರವಾಗಿ ಹೀಟರು, ದೀಪ, ಪಂಪುಗಳ ಸ್ವಿಚ್ಚುಗಳನ್ನು ಹಾಕುತ್ತದೆ, ಆರಿಸುತ್ತದೆ. ಏನಾದರೂ ಕೆಟ್ಟರೆ ನಿಮ್ಮ ಮೊಬೈಲಿಗೆ ಸಂದೇಶ ಕಳಿಸುತ್ತದೆ.

ಇದರಲ್ಲಿ ಹೊಸತೇನಿದೆ ಎಂದು ನೀವು ಕೇಳಬಹುದು. ಇಸ್ತ್ರಿಪೆಟ್ಟಿಗೆ, ಫ್ರಿಜ್ಜು, ಸ್ನಾನದ ಮನೆಯ ಗೀಸರುಗಳೂ ಇದೇ ಕೆಲಸ ಮಾಡುತ್ತವೆ. ಅಳೆಯುವುದು, ಬೇಕಾದ ಮಟ್ಟದೊಂದಿಗೆ ಹೋಲಿಸುವುದು, ವ್ಯತ್ಯಾಸವಿದ್ದರೆ ಸರಿಪಡಿಸುವುದು, ಮತ್ತೆ ಅಳೆಯುವುದು - ಈ ಸುತ್ತಿಗೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಇಂಥ ಸುತ್ತಿನ ಒಂದು ಗುಣವನ್ನು ಮರೆಯಬಾರದು. ಯಂತ್ರಕ್ಕೆ ನೀರು ಹೇಗಿದೆ ಎಂಬುದು ತಿಳಿಯುವುದಿಲ್ಲ. ಸಂವೇದಕ ಕೊಟ್ಟ ಸಂಖ್ಯೆ ಮಾತ್ರ ತಿಳಿಯುತ್ತದೆ. ಸಂಖ್ಯೆ ಸುಳ್ಳಾದರೆ ಯಂತ್ರ ಅದೇ ಸುಳ್ಳನ್ನು ಶ್ರದ್ಧೆಯಿಂದ ಪಾಲಿಸುತ್ತದೆ. ಹಾಗಾಗಿ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಇದು: ಯಾವ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಉಷ್ಣತೆ: ಇಲ್ಲಿ ಯಂತ್ರ ಪಾಸು

ಹವಳದ ತೊಟ್ಟಿಯ ನೀರು ಸಾಮಾನ್ಯವಾಗಿ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೀಟರಿನೊಳಗೆ ಅದರದೇ ಥರ್ಮೋಸ್ಟಾಟ್ ಇರುತ್ತದೆ. ಅದರ ಸಂಪರ್ಕ ಬಿಂದುಗಳು ಕಿಡಿಯಿಂದ ಬೆಸೆದುಕೊಂಡರೆ ಹೀಟರು ಆರುವುದೇ ಇಲ್ಲ. ಆಗ ಏನಾಗುತ್ತದೆ? ಲೆಕ್ಕ ಹಾಕಿ ನೋಡೋಣ.

200 ಲೀಟರ್ ಸಮುದ್ರದ ನೀರಿನ ರಾಶಿ ಸುಮಾರು 205 ಕಿಲೋಗ್ರಾಂ. ಅದರ ವಿಶಿಷ್ಟೋಷ್ಣ ಪ್ರತಿ ಕಿಲೋಗ್ರಾಂಗೆ ಸುಮಾರು 4 ಕಿಲೋಜೂಲ್. ಒಂದು ಡಿಗ್ರಿ ಏರಲು ಬೇಕಾದ ಶಾಖ ಸುಮಾರು 820 ಕಿಲೋಜೂಲ್. 300 ವಾಟ್ ಹೀಟರು ಸೆಕೆಂಡಿಗೆ 300 ಜೂಲ್ ಕೊಡುತ್ತದೆ. ಅಂದರೆ ಸುಮಾರು 45 ನಿಮಿಷಕ್ಕೆ ಒಂದು ಡಿಗ್ರಿ. 25 ಡಿಗ್ರಿಯಿಂದ 30 ಡಿಗ್ರಿಗೆ ಏರಲು ನಾಲ್ಕು ಗಂಟೆಯೂ ಬೇಡ. ಗಾಜಿನ ಮೂಲಕ ಮತ್ತು ಆವಿಯಾಗುವುದರಿಂದ ನಷ್ಟವಾಗುವ ಶಾಖವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಏರಿಕೆ ಸ್ವಲ್ಪ ನಿಧಾನವಾದೀತು, ಅಷ್ಟೆ. ನೀವು ಮಲಗಿ ಏಳುವಷ್ಟರಲ್ಲಿ ತೊಟ್ಟಿಯ ಕಥೆ ಮುಗಿದಿರಬಹುದು.

ಕಡಲಿನಲ್ಲಿ ಏನಾಗುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಿ. ಬೇಸಿಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ ನೀರು ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳ ತನ್ನೊಳಗಿನ ಶೈವಲಗಳನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಜಗತ್ತಿನಾದ್ಯಂತ ಹವಳಗಳು ನಾಲ್ಕನೆಯ ಬಾರಿಗೆ ಹೀಗೆ ಬಿಳಿಚುತ್ತಿವೆ ಎಂದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಘೋಷಿಸಿತು. ಒಂದು ಡಿಗ್ರಿಗೆ ಅಲ್ಲಿ ಇಷ್ಟು ಬೆಲೆ ಇರುವಾಗ ಒಂದೇ ರಾತ್ರಿಯಲ್ಲಿ ಐದು ಡಿಗ್ರಿಯ ಏರಿಕೆ ಎಂಥದೆಂಬುದನ್ನು ನೀವೇ ಊಹಿಸಬಹುದು.

ಉಷ್ಣತೆಯನ್ನು ಅಳೆಯುವ ಥರ್ಮಿಸ್ಟರ್ ಅಗ್ಗದ್ದು, ಬಾಳಿಕೆ ಬರುವಂಥದು, ಬೇಗ ದಾರಿ ತಪ್ಪುವಂಥದಲ್ಲ. ಆದ್ದರಿಂದ ಹೀಟರಿಗೆ ಎರಡನೆಯ ಕಾವಲಾಗಿ ನಿಯಂತ್ರಕವನ್ನು ಧಾರಾಳವಾಗಿ ನಂಬಬಹುದು. ಆದರೆ ಇಷ್ಟೇ ಕೆಲಸಕ್ಕೆ ಹಲವು ನೂರು ಡಾಲರ್ ತೆರಬೇಕಿಲ್ಲ. ಉಷ್ಣತೆಯೊಂದನ್ನೇ ನೋಡಿಕೊಳ್ಳುವ ಬಿಡಿ ಥರ್ಮೋಸ್ಟಾಟ್ ಪೆಟ್ಟಿಗೆ ಅದರ ಸಣ್ಣ ಪಾಲಿಗೆ ಸಿಗುತ್ತದೆ. ಒಂದು ದೊಡ್ಡ ಹೀಟರಿನ ಬದಲು ಎರಡು ಚಿಕ್ಕವನ್ನು ಹಾಕಿದರೆ, ಒಂದು ಆರದೆ ಉಳಿದರೂ ನೀರು ಬೇಗ ಕಾಯುವುದಿಲ್ಲ. ಈ ಉಪಾಯಕ್ಕೆ ಗಣಕವೇ ಬೇಡ.

ಆವಿಯಾದ ನೀರು

ತೊಟ್ಟಿಯಿಂದ ಆವಿಯಾಗುವುದು ಶುದ್ಧ ನೀರು. ಉಪ್ಪು ಅಲ್ಲಿಯೇ ಉಳಿಯುತ್ತದೆ. ಹಾಗಾಗಿ ದಿನವೂ ಸಿಹಿನೀರನ್ನು ಸೇರಿಸುತ್ತಿರಬೇಕು. ಮಟ್ಟ ಇಳಿದಾಗ ತೇಲುಗುಂಡಿನ ಸ್ವಿಚ್ಚು ಪಂಪನ್ನು ಚಾಲೂ ಮಾಡುತ್ತದೆ. ನಿಮ್ಮ ಮನೆಯ ಮಾಳಿಗೆಯ ಟ್ಯಾಂಕು ಉಕ್ಕಿ ಹರಿದದ್ದನ್ನು ಎಂದಾದರೂ ನೋಡಿದ್ದರೆ ತೇಲುಗುಂಡಿನ ದೋಷ ಏನೆಂದು ವಿವರಿಸಬೇಕಿಲ್ಲ. ತೊಟ್ಟಿಯಲ್ಲಿ ಅದರ ಮೇಲೆ ಬಸವನಹುಳು ಹತ್ತಿ ಕುಳಿತರೂ ಸಾಕು, ಅದು ಏಳುವುದಿಲ್ಲ.

ಪಕ್ಕದಲ್ಲಿಟ್ಟ 20 ಲೀಟರ್ ಸಿಹಿನೀರು ಪೂರ್ತಿ ತೊಟ್ಟಿಗೆ ಸೇರಿತು ಎನ್ನಿ. ಲೀಟರಿಗೆ 35 ಗ್ರಾಂ ಇದ್ದ ಉಪ್ಪು 32 ಗ್ರಾಂಗಿಂತ ಕೆಳಗಿಳಿಯುತ್ತದೆ. ನಿಯಂತ್ರಕಕ್ಕೆ ಎರಡನೆಯ ಸಂವೇದಕವಿದ್ದರೆ, ಅಥವಾ 'ಎರಡು ನಿಮಿಷಕ್ಕಿಂತ ಹೆಚ್ಚು ಪಂಪು ಓಡಬಾರದು' ಎಂಬ ನಿಯಮವನ್ನು ಬರೆದಿಟ್ಟಿದ್ದರೆ ಈ ಅನಾಹುತ ತಪ್ಪುತ್ತದೆ. ಇದು ಯಂತ್ರದ ಪರವಾಗಿ ಹೇಳಬೇಕಾದ ಮಾತು. ಆದರೆ 20 ಲೀಟರಿನ ಕ್ಯಾನಿನ ಬದಲು 5 ಲೀಟರಿನದನ್ನು ಇಟ್ಟಿದ್ದರೆ? ಅಷ್ಟೂ ಒಮ್ಮೆಗೇ ಸುರಿದರೂ ಲವಣತೆ 34ಕ್ಕಿಂತ ಕೆಳಗಿಳಿಯುತ್ತಿರಲಿಲ್ಲ! ತಪ್ಪು ನಡೆಯದಂತೆ ತಡೆಯುವುದು ಒಂದು ದಾರಿ, ನಡೆದರೂ ಹಾನಿ ಕಡಿಮೆಯಾಗುವಂತೆ ಏರ್ಪಡಿಸುವುದು ಇನ್ನೊಂದು. ಎರಡನೆಯದು ಎಷ್ಟೋ ಸಲ ಅಗ್ಗದ ದಾರಿ.

ಪಿಎಚ್: ಇಲ್ಲಿ ಎಚ್ಚರ ಬೇಕು

ಜಾಹೀರಾತುಗಳಲ್ಲಿ ಎದ್ದು ಕಾಣುವುದು ಪಿಎಚ್ ರೇಖೆ. ನನ್ನ ಮುಖ್ಯ ತಕರಾರು ಇರುವುದೂ ಇಲ್ಲಿಯೇ. ಪಿಎಚ್ ಅಳೆಯುವ ಗಾಜಿನ ಎಲೆಕ್ಟ್ರೋಡು 25 ಡಿಗ್ರಿಯಲ್ಲಿ ಪ್ರತಿ ಪಿಎಚ್ ಅಂಕಕ್ಕೆ ಸುಮಾರು 59 ಮಿಲಿವೋಲ್ಟ್ ಕೊಡಬೇಕು. ನೀರಿನ ಪಿಎಚ್ 8.2 ಇದ್ದರೆ, ತಟಸ್ಥ ಬಿಂದುವಾದ 7ರಿಂದ ಅದು 1.2 ಅಂಕ ದೂರ. ವೋಲ್ಟತೆ ಸುಮಾರು 71 ಮಿಲಿವೋಲ್ಟ್. ಎಲೆಕ್ಟ್ರೋಡು ಹಳೆಯದಾಗುತ್ತ ಅದರ ಸ್ಪಂದನ ಕುಗ್ಗುತ್ತದೆ. ಹತ್ತನೆಯ ಒಂದು ಭಾಗ ಕುಗ್ಗಿತು ಎನ್ನಿ. 71 ಇರಬೇಕಾದಲ್ಲಿ 64 ಮಿಲಿವೋಲ್ಟ್ ಬರುತ್ತದೆ, ಯಂತ್ರ 8.08 ಎಂದು ತೋರಿಸುತ್ತದೆ. ರೇಖೆ ಎಂದಿನಂತೆ ನುಣುಪಾಗಿಯೇ ಇರುತ್ತದೆ. ಎರಡು ಬಫರ್ ದ್ರಾವಣಗಳಲ್ಲಿ ಅದ್ದಿ ಆಗಾಗ ಸರಿಹೊಂದಿಸದಿದ್ದರೆ, ವರ್ಷವೆರಡು ವರ್ಷಕ್ಕೆ ಎಲೆಕ್ಟ್ರೋಡನ್ನೇ ಬದಲಿಸದಿದ್ದರೆ ಆ ಎರಡನೆಯ ದಶಮಾಂಶಕ್ಕೆ ಅರ್ಥವಿಲ್ಲ.

ಅಳತೆ ಸರಿಯಾಗಿದ್ದರೂ ಇನ್ನೊಂದು ತೊಡಕಿದೆ. ಹಗಲಿನಲ್ಲಿ ಶೈವಲಗಳು ಕಾರ್ಬನ್ ಡೈಆಕ್ಸೈಡನ್ನು ಬಳಸುವುದರಿಂದ ಪಿಎಚ್ ಏರುತ್ತದೆ. ರಾತ್ರಿ ಉಸಿರಾಟ ಮಾತ್ರ ನಡೆದು ಇಳಿಯುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಮನೆಯಲ್ಲಿ ಹತ್ತಾರು ನೆಂಟರು ಸೇರಿದರೂ ಇಳಿಯುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯಾಗಿ ಹಾಗೆಯೇ ಉಳಿದರೆ ಸಮುದ್ರದ ನೀರಿನ ಪಿಎಚ್ 0.25ರಿಂದ 0.3ರಷ್ಟು ಕುಸಿಯುತ್ತದೆ. ಆದರೆ ಆಗ ಕ್ಷಾರೀಯತೆ, ಅಂದರೆ ಹವಳ ತನ್ನ ಅಸ್ಥಿಪಂಜರ ಕಟ್ಟಲು ಬಳಸುವ ಬೈಕಾರ್ಬನೇಟ್ ಮತ್ತು ಕಾರ್ಬನೇಟ್‌ಗಳ ದಾಸ್ತಾನು, ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ. 'ಪಿಎಚ್ ಇಳಿದರೆ ಸೋಡಾ ದ್ರಾವಣ ಸುರಿ' ಎಂದು ನೀವು ನಿಯಮ ಬರೆದಿದ್ದರೆ ಯಂತ್ರ ರಾತ್ರಿಯಿಡೀ ಸುರಿಯುತ್ತದೆ. ಕ್ಷಾರೀಯತೆ ಮಿತಿಮೀರಿ ಹವಳ ನರಳುತ್ತದೆ. ಬೇಕಿದ್ದದ್ದು ಕಿಟಕಿ ತೆರೆಯುವುದು. ಯಂತ್ರಕ್ಕೆ ಆ ಆಯ್ಕೆಯೇ ಇರಲಿಲ್ಲ. ರೋಗಿಗೆ ಜ್ವರವಿದೆ ಎಂದರೆ ಸಾಲದು, ಯಾವ ಕಾರಣದ ಜ್ವರ ಎಂಬುದೂ ತಿಳಿಯಬೇಕಲ್ಲವೆ?

ಕ್ಷಾರೀಯತೆಯನ್ನು ನೇರವಾಗಿ ಅಳೆಯುವ ಉಪಕರಣಗಳೂ ಈಗ ಇವೆ. ನೆಪ್ಚೂನ್ ಸಂಸ್ಥೆಯ ಟ್ರೈಡೆಂಟ್ ನೀರಿನ ಮಾದರಿಯನ್ನು ತಾನೇ ಹೀರಿಕೊಂಡು, ನೀವು ಪ್ರಯೋಗಾಲಯದಲ್ಲಿ ಮಾಡುವ ಅನುಮಾಪನವನ್ನು ದಿನಕ್ಕೆ ಹಲವು ಬಾರಿ ತಾನೇ ಮಾಡುತ್ತದೆ. ಇದು ಪಿಎಚ್ ನೋಡಿ ಊಹಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಇದಕ್ಕೂ ಪ್ರತ್ಯೇಕ ಹಣ ತೆರಬೇಕು, ರಾಸಾಯನಿಕಗಳನ್ನು ಮತ್ತೆ ಮತ್ತೆ ಕೊಳ್ಳಬೇಕು, ಕೈಯಿಂದ ಮಾಡಿದ ಪರೀಕ್ಷೆಯೊಂದಿಗೆ ಆಗಾಗ ತಾಳೆ ನೋಡಬೇಕು.

ಬೇಲಿಯೇ ಹೊಲ ಮೇಯ್ದರೆ

ಹೀಟರಿನ ಥರ್ಮೋಸ್ಟಾಟ್ ಯಾವುದೇ ಒಂದು ದಿನ ಕೆಡುವ ಸಂಭವ ಸಾವಿರಕ್ಕೆ ಒಂದು, ನಿಯಂತ್ರಕದ್ದೂ ಅಷ್ಟೇ ಎಂದಿಟ್ಟುಕೊಳ್ಳಿ. ಎರಡೂ ಅದೇ ದಿನ ಕೆಡುವ ಸಂಭವ ಹತ್ತು ಲಕ್ಷಕ್ಕೆ ಒಂದು. ಎರಡು ಕಾವಲಿನ ಬಲ ಇದು. ಆದರೆ ಈ ಗುಣಾಕಾರಕ್ಕೆ ಎರಡು ಷರತ್ತುಗಳಿವೆ. ಒಂದು, ಎರಡೂ ಪರಸ್ಪರ ಸ್ವತಂತ್ರವಾಗಿರಬೇಕು. ಹೀಟರು, ಪಂಪು, ದೀಪ, ಎಚ್ಚರಿಕೆಯ ಗಂಟೆ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಜೋಡಿಸಿದರೆ ಆ ಪೆಟ್ಟಿಗೆ ಕೆಟ್ಟ ದಿನ ಎಲ್ಲವೂ ಒಟ್ಟಿಗೆ ಕೆಡುತ್ತವೆ. ಎಚ್ಚರಿಸಬೇಕಾದ ಗಂಟೆಯೂ ಮೂಕವಾಗುತ್ತದೆ. ಎರಡು, ಕೆಟ್ಟದ್ದು ಕೂಡಲೇ ಗೊತ್ತಾಗಬೇಕು. ಥರ್ಮೋಸ್ಟಾಟ್ ಕೆಟ್ಟು ಆರು ತಿಂಗಳಾಗಿದ್ದರೂ ನಿಯಂತ್ರಕ ನಿಭಾಯಿಸುತ್ತಿದ್ದರೆ ನಿಮಗೆ ತಿಳಿಯುವುದೇ ಇಲ್ಲ. ಎರಡು ಕಾವಲಿದೆ ಎಂದು ನೀವು ನಂಬಿರುತ್ತೀರಿ, ಇರುವುದು ಒಂದೇ. ಹಾಗಾಗಿ ತಿಂಗಳಿಗೊಮ್ಮೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಯಂತ್ರ ಕೊಂಡವರು ಮೊದಲು ಕೈಬಿಡುವ ಕೆಲಸವೂ ಇದೇ.

ಯಂತ್ರಗಳಿಲ್ಲದ ಕಾಲದಲ್ಲಿ ಹವಳವನ್ನು ಸಾಕಿದವರಿಲ್ಲವೆ? ಇದ್ದರು. ಇಂಡೋನೇಷ್ಯಾದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬ ಹವ್ಯಾಸಿ, ಜೀವಿಗಳು ತುಂಬಿದ ಕಡಲಕಲ್ಲು, ಗಾಳಿಯ ಗುಳ್ಳೆ, ಸೂರ್ಯನ ಬೆಳಕು ಇಷ್ಟರಿಂದಲೇ ಹವಳದ ತೊಟ್ಟಿಯನ್ನು ನಡೆಸುವ ಬಗೆಯನ್ನು 1961ರಲ್ಲಿ ಬರೆದು ಪ್ರಕಟಿಸಿದರು. ಕಡಲತೀರದ ಊರಿನ ಅನುಕೂಲ ಅವರಿಗಿತ್ತು, ನಿಜ. ಆದರೂ ಅವರ ಮುಖ್ಯ ಸಂವೇದಕ ಕಣ್ಣು. ಹವಳದ ಬಾಯಿಗಳು ಎಂದಿನಂತೆ ಅರಳಿಲ್ಲ, ಬುಡದಲ್ಲಿ ಅಂಗಾಂಶ ಸುಲಿಯುತ್ತಿದೆ, ಕೀಟ ತಗುಲಿದೆ ಎಂಬುದನ್ನು ಇಂದಿನ ಯಾವ ಪಿಎಚ್ ರೇಖೆಯೂ ಹೇಳುವುದಿಲ್ಲ.

ಹಾಗಾದರೆ ತೀರ್ಮಾನ?

ತೊಟ್ಟಿ ಚಿಕ್ಕದಾಗಿದ್ದು, ನೀವು ದಿನವೂ ಮನೆಯಲ್ಲಿರುವವರಾದರೆ ನಿಯಂತ್ರಕ ಬೇಡ. ಬಿಡಿ ಥರ್ಮೋಸ್ಟಾಟ್, ಎರಡು ಚಿಕ್ಕ ಹೀಟರು, ಸಿಹಿನೀರಿನ ಚಿಕ್ಕ ಕ್ಯಾನು, ಒಳ್ಳೆಯ ಪರೀಕ್ಷಾ ಕಿಟ್ಟು ಸಾಕು. ತೊಟ್ಟಿ ದೊಡ್ಡದಾಗಿದ್ದು, ಕೆಲಸದ ಮೇಲೆ ವಾರಗಟ್ಟಲೆ ಊರು ಬಿಡುವವರಾದರೆ ಕೊಳ್ಳಿ. ಮನುಷ್ಯ ನಿದ್ರಿಸುತ್ತಾನೆ, ಮರೆಯುತ್ತಾನೆ; ಯಂತ್ರ ನಡುರಾತ್ರಿಯಲ್ಲೂ ಹೀಟರನ್ನು ಆರಿಸಿ ನಿಮ್ಮನ್ನು ಎಬ್ಬಿಸಬಲ್ಲದು. ಅದಕ್ಕೆ ಕೆಡುಕನ್ನು ತಡೆಯುವ, ಎಚ್ಚರಿಸುವ ಕೆಲಸ ಕೊಡಿ. ಪಿಎಚ್ ನೋಡಿ ಮದ್ದು ಹಾಕುವ ಅಧಿಕಾರ ಕೊಡಬೇಡಿ. ಗಣಕದೊಂದಿಗೆ ಸಂಪರ್ಕ ಕಡಿದಾಗ ಯಾವ ಸ್ವಿಚ್ಚು ಹಾಕಿರಬೇಕು, ಯಾವುದು ಆರಿರಬೇಕು ಎಂಬುದನ್ನು ಮೊದಲ ದಿನವೇ ನಿಗದಿ ಮಾಡಿ: ನೀರು ತಿರುಗಿಸುವ ಪಂಪು ಓಡುತ್ತಿರಲಿ, ಮದ್ದಿನ ಪಂಪು ನಿಂತಿರಲಿ.

ಹವಳದ ತೊಟ್ಟಿಯನ್ನು ಕಾಣದ ನಿಮ್ಮ ತರಗತಿಯಲ್ಲೂ ಇದರ ತಿರುಳನ್ನು ತೋರಿಸಬಹುದು. ಪ್ರಯೋಗಾಲಯದ ನಾಲ್ಕೈದು ತಾಪಮಾಪಕಗಳನ್ನು ಒಂದೇ ಬೀಕರಿನ ನೀರಿನಲ್ಲಿ ಇಡಿ. ಅಳತೆಗಳನ್ನು ವಿದ್ಯಾರ್ಥಿಗಳೇ ಬರೆದುಕೊಳ್ಳಲಿ. ಅವೆಲ್ಲ ಒಂದೇ ಆಗಿರುವುದು ಅಪರೂಪ. ಯಾವುದು ಸರಿ ಎಂದು ಕೇಳಿ. ಅನಂತರ ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು, ಸೊನ್ನೆಗೆ ಯಾವುದು ಹತ್ತಿರ ಬರುತ್ತದೆ ನೋಡಿ. ನಿಯಂತ್ರಕಕ್ಕೆ ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಯನ್ನು ಅವರು ಆಗ ತಾವಾಗಿಯೇ ಕೇಳುತ್ತಾರೆ.