ತಳ್ಳಿದವನ ಹೆಸರು, ನೇಣಿಗೇರಿದವರ ಹೆಸರು

ಪುಷ್ಯದ ಚಳಿಯಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು. ಸಂಜೆ ವ್ಯಾಪಾರ ನಿಂತ ಮೇಲೆ ಎತ್ತುಗಳ ಪಕ್ಕ ಬೆಂಕಿ ಹಾಕಿಕೊಂಡು ಕೂತವರ ನಡುವೆ ಕಥೆ ಶುರುವಾಗುತ್ತೆ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯವರು ನಂದಿಬೆಟ್ಟದ ಬಂಡೆಯ ಕಥೆ ತೆಗೀತಾರೆ. ಟಿಪ್ಪು ಆ ತುದಿಯಿಂದ ಕೈದಿಗಳನ್ನು ತಳ್ಳಿಸ್ತಿದ್ದನಂತೆ. ಬಳ್ಳಾರಿ, ರಾಯಚೂರು ಕಡೆಯಿಂದ ಎತ್ತು ಕೊಳ್ಳಲು ಬಂದವರಲ್ಲಿ ಒಬ್ಬರು ಸಂಗೊಳ್ಳಿ ರಾಯಣ್ಣನ ಮಾತು ಎತ್ತುತ್ತಾರೆ. ಎರಡೂ ಮರಣದಂಡನೆಯ ಕಥೆಗಳೇ. ಎರಡನ್ನೂ 'ಜಾನಪದ' ಅಂತ ಒಂದೇ ಮೂಟೆಗೆ ಕಟ್ಟುವ ವಿದ್ವಾಂಸರ ಅಭ್ಯಾಸದ ಬಗ್ಗೆ ನಮ್ಮ ತಕರಾರಿದೆ.

ನಂದಿಬೆಟ್ಟದ ಕಥೆಯನ್ನೇ ನೋಡಿ. ಬಂಡೆಯಿಂದ ಬಿದ್ದವರು ಯಾರು? ಸೈನ್ಯ ಬಿಟ್ಟು ಓಡಿದ ಸಿಪಾಯಿಯೋ, ಶತ್ರುವಿನ ಕಡೆಯ ಕೈದಿಯೋ, ಹೇಳುವವನ ಮರ್ಜಿಯಂತೆ ಬದಲಾಗುತ್ತೆ. ಅವನ ಊರು, ಜಾತಿ, ತಾಯಿ, ಯಾವುದೂ ಇಲ್ಲ. ತಳ್ಳಿಸಿದವನ ಹೆಸರು ಮಾತ್ರ ಗಟ್ಟಿಯಾಗಿ ಉಳಿದಿದೆ. ಬಂಡೆಗೇ ಆ ಹೆಸರು, ಅದೂ ಇಂಗ್ಲಿಷಿನಲ್ಲಿ, 'ಟಿಪ್ಪು ಡ್ರಾಪ್' ಅಂತ. 1791ರ ಅಕ್ಟೋಬರಿನಲ್ಲಿ ಆ ಕೋಟೆಯನ್ನು ಲಗ್ಗೆ ಹತ್ತಿ ಹಿಡಿದದ್ದು ಕಾರ್ನ್‌ವಾಲಿಸನ ಸೈನ್ಯ ಎಂಬುದನ್ನು ಪ್ರವಾಸಿಗಳಿಗೆ ಹೇಳುವವರು ಕಡಿಮೆ. ಸತ್ತವನಿಗೆ ಹೆಸರಿಲ್ಲದ ಇಂಥ ಐತಿಹ್ಯ ಆಳುವವರಿಗೆ ಎಂದೂ ತೊಂದರೆ ಕೊಡುವುದಿಲ್ಲ.

ಲಾವಣಿ ಹಾಗಲ್ಲ. ಹಲಗಲಿ ಬೇಡರ ಲಾವಣಿ ಹತ್ತನೇ ತರಗತಿಯ ಮಕ್ಕಳಿಗೆ ಪಾಠವಾಗಿದ್ದದ್ದು. ಕುರ್ತಕೋಟಿ ಕಲ್ಮೇಶನ ಅಂಕಿತ ಅದಕ್ಕಿದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಿ ಅಂತ ಕಂಪನಿ ಸರ್ಕಾರ ಹುಕುಂ ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಗೋದಿಲ್ಲ ಅಂದರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಜನರನ್ನು ನೇಣಿಗೆ ಹಾಕಿದರು, 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲೇ. ಲಾವಣಿಕಾರ ಹನುಮ, ಬಾಲ, ಜಡಗ, ರಾಮ ಅಂತ ಪಕ್ಕದ ಮನೆಯವರನ್ನು ಕೂಗಿದಂತೆ ಹೆಸರು ಹಿಡಿದು ಕೂಗುತ್ತಾನೆ. ಇನ್ನೊಂದು ಕೆಲಸವನ್ನೂ ಮಾಡುತ್ತಾನೆ, ನಮಗೆ ಅದೇ ದೊಡ್ಡದು. ದಂಡಿನವರು ಏನೇನು ದೋಚಿದರು ಅಂತ ಪಟ್ಟಿ ಕೊಡುತ್ತಾನೆ: ಕೊಡಲಿ, ಕುಡ, ಹಾಲು ಮೊಸರು, ಉಪ್ಪು, ಎಣ್ಣೆ, ತಾಳಿ, ಕೊನೆಗೆ ಬೀಸುವ ಕಲ್ಲು. ಬೀಸುವ ಕಲ್ಲನ್ನೂ ಹೊತ್ತ ಸಾಮ್ರಾಜ್ಯದ ವಿಷಯ ಯಾವ ಮಹಾಕಾವ್ಯದಲ್ಲಿದೆ? ಶಿಷ್ಟ ಕವಿಗೆ ಯುದ್ಧ ಎಂದರೆ ಆನೆ, ಕುದುರೆ, ಬಿಳಿ ಕೊಡೆ. ಬಡವರ ಮನೆಯ ಅಡುಗೆ ಸಾಮಾನು ಯುದ್ಧದ ಲೆಕ್ಕಕ್ಕೆ ಬಂದದ್ದು ಇಲ್ಲಿ.

ಇನ್ನು ರಾಯಣ್ಣ. ಇವನನ್ನು ನಾವು ತುಂಬ ಕೆಡಿಸಿದ್ದೇವೆ. ರಾಣಿಗೆ ನಿಷ್ಠನಾದ ಬಂಟ ಅಂತ ಭಾಷಣ, ಸಿನಿಮಾ, ಪ್ರತಿಮೆ. ದೊಡ್ಡಬಳ್ಳಾಪುರದಿಂದ ರೈಲು ಹತ್ತಿ ಬೆಂಗಳೂರಿನಲ್ಲಿ ಇಳಿದರೆ ನಿಲ್ದಾಣದ ಬೋರ್ಡಿನಲ್ಲೂ ಅವನದೇ ಹೆಸರು. ಆದರೆ ಅವನು ಶೇತಸನದಿ. ಎಂದರೆ ಊರ ಕಾವಲು, ದಂಡಿನ ಚಾಕರಿ ಮಾಡಿ, ಅದಕ್ಕೆ ಸಂಬಳವಾಗಿ ತುಂಡು ಹೊಲ ಉಳುವವನು. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಆ ಹೊಲದಲ್ಲಿ ಪಾಲು ಕಿತ್ತುಕೊಂಡು ಉಳಿದದ್ದಕ್ಕೆ ಕಂದಾಯ ಏರಿಸಿತು. ವಸೂಲಿಗೆ ಬಂದ ಕುಲಕರ್ಣಿ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೇರಿದ ಅಂತ ಕಥೆ ಹೇಳುತ್ತೆ. ಸರ್ಕಾರದ ಕಡತಕ್ಕೆ ಅವನು ಚಾಕರಿ ಬಿಟ್ಟು ದಂಗೆ ಎದ್ದವನು. ಜನ ಮಾತ್ರ 'ದ್ರೋಹ' ಎಂಬ ಮಾತನ್ನು ಅವನ ಮೇಲಿಂದ ಎತ್ತಿ, ನಂಬಿಸಿ ಹಳ್ಳದಲ್ಲಿ ಮೀಯುವಾಗ ಹಿಡಿಸಿಕೊಟ್ಟ ಗೌಡರ ತಲೆಗೆ ಕಟ್ಟಿದರು. 1831ರ ಜನವರಿ 26ರಂದು ನಂದಗಡದಲ್ಲಿ ನೇಣು. ಅಲ್ಲಿನ ಆಲದ ಮರಕ್ಕೆ ಮಕ್ಕಳಿಲ್ಲದ ಹೆಂಗಸರು ಇವತ್ತಿಗೂ ತೊಟ್ಟಿಲು ಕಟ್ಟುತ್ತಾರೆ. ಮೂಢನಂಬಿಕೆ ಅಂತ ನಮ್ಮ ವಿಚಾರವಾದಿ ಗೆಳೆಯರು ಮೂಗು ಮುರಿಯಬಹುದು. ಕೊಂದವರ ತೀರ್ಪನ್ನು ಒಪ್ಪದವರು ಬಿಟ್ಟ ಗುರುತು ಅದು ಅಂತ ನಾವು ಓದುತ್ತೇವೆ.

ಮೊದಲನೇ ಮಹಾಯುದ್ಧದಲ್ಲಿ ದಂಡು ಬಿಟ್ಟು ಓಡಿದರು, ಹೇಡಿಗಳಾದರು ಅಂತ ಬ್ರಿಟಿಷ್ ಸೈನ್ಯ ಗುಂಡಿಟ್ಟು ಕೊಂದ 306 ಸೈನಿಕರಿಗೆ 2006ರಲ್ಲಿ ಅಲ್ಲಿನ ಸರ್ಕಾರ ಕ್ಷಮೆ ಕೊಟ್ಟಿತು. 90 ವರ್ಷ ಬೇಕಾಯಿತು. ನಂದಗಡದ ಹೆಂಗಸರು ಯಾವ ಕಾಗದಕ್ಕೂ ಕಾಯಲಿಲ್ಲ.

ಲಾವಣಿಯ ಮೇಲೂ ನಮಗೆ ಸಿಟ್ಟಿದೆ. ಕೆಂಚವ್ವ ಕಲ್ಲು ಹೊರುವುದಕ್ಕೆ ಬರುತ್ತಾಳೆ, ಮಾತಾಡುವುದಕ್ಕೆ ಬರುವುದಿಲ್ಲ. ಹಲಗಲಿಯಲ್ಲಿ ಸುಟ್ಟ ಮನೆಗಳ ಹೆಂಗಸರಿಗೆ ಹೆಸರಿಲ್ಲ. ಗಂಡಸರ ಹೆಸರನ್ನು ಅಷ್ಟು ಜೋಪಾನ ಮಾಡಿದ ಕವಿ ಇಲ್ಲಿ ನಂದಿಬೆಟ್ಟದ ಕಥೆಗಾರನ ಪಕ್ಕದಲ್ಲೇ ಕೂತ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಮಾತು. ರಾಯಣ್ಣನ ಪಾಠ ಮಾಡುವಾಗ ಕತ್ತಿಯ ಜೊತೆಗೆ ಹೊಲವನ್ನೂ ಹೇಳಿ. ಚಾಕರಿಗೆ ಕೊಟ್ಟ ಹೊಲ ಎಂದರೆ ನಮ್ಮ ಮಕ್ಕಳಿಗೆ ಅರ್ಥವಾಗುತ್ತೆ. ಈ ಸೀಮೆಯ ತೋಟಿ, ತಳವಾರ, ನೀರಗಂಟಿಗಳ ಇನಾಂತಿ ಜಮೀನು ಅದೇ ತರದ್ದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಅದನ್ನು ಚಾಕರಿ ಮಾಡಿದವರಿಗೇ ಮರುಮಂಜೂರು ಮಾಡಬೇಕು ಅಂದಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಪರಭಾರೆ ಆಗಬಾರದು ಅಂತ 1978ರಲ್ಲಿ ಇನ್ನೊಂದು ಕಾಯಿದೆ ಬಂತು. ಕಾಯಿದೆಗಳ ನಡುವೆಯೂ ಎಷ್ಟು ಹೊಲ ಕೈಬಿಟ್ಟಿತು ಅನ್ನೋದಕ್ಕೆ ಯಾರೂ ಲಾವಣಿ ಕಟ್ಟಿದ್ದನ್ನು ನಾವು ಕೇಳಿಲ್ಲ.

ಘಾಟಿಯ ಬೆಂಕಿಯ ಮುಂದೆ ಈ ಮಾತು ಆಡಿದಾಗ ಕಂಬಳಿ ಹೊದ್ದು ಕೂತಿದ್ದ ಒಬ್ಬ ಹಿರಿಯರು, "ನಮ್ಮಪ್ಪಂದು ಎರಡೆಕರೆ ತೋಟಿ ಇನಾಂತಿ ಇತ್ತು ಕಣ್ರಪ್ಪ" ಅಂದರು. ಓದು ಬರಹ ಬಾರದ ಅವರಿಗೆ ಸರ್ವೆ ನಂಬರೂ, ನಾಲ್ಕು ದಿಕ್ಕಿನ ಚೆಕ್ಕುಬಂದಿಯೂ ಬಾಯಿಪಾಠವಾಗಿತ್ತು. ಒಂದು ಸಲ ಹೇಳಿ ಮುಗಿಸಿ, ಯಾರೂ ಕೇಳದಿದ್ದರೂ, ಇನ್ನೊಂದು ಸಲ ಹೇಳಿದರು.