ಕುದುರೆಯ ಹಲ್ಲು ಎಣಿಸಿದ ಹುಡುಗ

ತಿಕೋಟಾದ ಹುಡುಗಿಯೊಬ್ಬಳು ವಾರಕ್ಕೆರಡು ದಿನ ವಿಜಯಪುರಕ್ಕೆ ಬಂದು ನನ್ನ ಬಳಿ ಇಂಗ್ಲಿಷ್ ಓದುತ್ತಾಳೆ. ಬಿ.ಎ. ಕೊನೆಯ ವರ್ಷ, ಕಣ್ಣು ಸ್ಪರ್ಧಾತ್ಮಕ ಪರೀಕ್ಷೆಯ ಮೇಲೆ. ಕಳೆದ ತಿಂಗಳು ಒಂದು ನೋಟ್‌ಬುಕ್ ತಂದು ತೋರಿಸಿದಳು. ಹಳೆಯ ಇಂಗ್ಲಿಷ್ ಕಾದಂಬರಿಗಳಿಂದ ಹೆಕ್ಕಿದ ಕಠಿಣ ಪದಗಳು ಎಡಕ್ಕೆ, ಕನ್ನಡ ಅರ್ಥ ಬಲಕ್ಕೆ. "ದಿನಾ ಇಪ್ಪತ್ತು ಬಾಯಿಪಾಠ ಮಾಡಾಕತ್ತೀನ್ರಿ ಅಕ್ಕಾ. ಇನ್ನ ಕಾದಂಬರಿ ಓದೂದ್ ಬ್ಯಾಡಲ್ರಿ?" ಎಂದಳು.

ನನಗೆ ನಗು ಬರಲಿಲ್ಲ. ಅಂಥದೇ ನೋಟ್‌ಬುಕ್ ನನ್ನ ಟ್ರಂಕಿನಲ್ಲೂ ಇದೆ. ಬಬಲೇಶ್ವರದಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು ಇಂಗ್ಲಿಷ್ ಎಂ.ಎ.ಗೆ ಬಂದವಳು ನಾನು. ದೊಡ್ಡ ಪದ ಬಾಯಲ್ಲಿದ್ದರೆ ಯಾರೂ ನಮ್ಮ ಊರು ಕೇಳುವುದಿಲ್ಲ ಎಂದು ಆಗ ನಂಬಿದ್ದೆ.

ಆ ನಂಬಿಕೆ ಒಂದು ಸೆಮಿನಾರಿನಲ್ಲಿ ಮುರಿಯಿತು. ಜೇನ್ ಆಸ್ಟಿನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' (1813) ಕುರಿತು ಪ್ರಬಂಧ ಓದುತ್ತಿದ್ದೆ. ಅದರಲ್ಲಿ ಪಾದ್ರಿ ಕಾಲಿನ್ಸ್ ತನಗೆ ಆಶ್ರಯ ಕೊಟ್ಟ ಲೇಡಿ ಕ್ಯಾಥರಿನ್‌ಳ 'ಕಾಂಡಿಸೆನ್ಷನ್' ಬಗ್ಗೆ ಮತ್ತೆ ಮತ್ತೆ ಮಾತಾಡುತ್ತಾನೆ. ನನ್ನ ಪಟ್ಟಿಯಲ್ಲಿ ಆ ಪದಕ್ಕಿದ್ದ ಅರ್ಥ, ತಾನು ಮೇಲಿನವನೆಂಬ ಧಿಮಾಕು. ಹಾಗಾಗಿ ಕಾಲಿನ್ಸ್ ತನ್ನ ಒಡತಿಯನ್ನು ಒಳಗೊಳಗೇ ಟೀಕಿಸುತ್ತಾನೆ ಎಂದು ವಾದಿಸಿಬಿಟ್ಟೆ. ಸಭೆಯಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಕಾದಂಬರಿ ಪೂರಾ ಓದೀರೇನವ್ವಾ?" ಓದಿರಲಿಲ್ಲ.

ಆಮೇಲೆ ಓದಿದಾಗ ತಿಳಿಯಿತು. ದೊಡ್ಡವರು ತಮ್ಮ ಅಂತಸ್ತಿನಿಂದ ಇಳಿದು ಸಣ್ಣವರನ್ನು ಮಾತಾಡಿಸುವ ಸೌಜನ್ಯಕ್ಕೆ ಆ ಕಾಲದಲ್ಲಿ ಈ ಪದ ಸಲ್ಲುತ್ತಿತ್ತು. ಕಾಲಿನ್ಸ್ ಮನಸಾರೆ ಹೊಗಳುತ್ತಿದ್ದಾನೆ, ಓದುಗರಿಗೆ ನಗು ಬರುವುದೂ ಅದಕ್ಕೇ. ಹುಟ್ಟಿನಿಂದಲೇ ಕೆಲವರು ಮೇಲು ಎಂಬ ನಂಬಿಕೆ ಸಡಿಲಿದಂತೆ ಆ ಸೌಜನ್ಯವೇ ಅಹಂಕಾರವಾಗಿ ಕಾಣತೊಡಗಿತು, ಪದದ ಬಣ್ಣವೂ ಬದಲಾಯಿತು ಎಂದು ನಾನು ಓದಿಕೊಳ್ಳುತ್ತೇನೆ. ನಮ್ಮ 'ದೊಡ್ಡಸ್ತಿಕೆ'ಯೂ ಹೀಗೇ ಎರಡು ಮಗ್ಗುಲಿನ ಪದ. 'ಅದು ಅವರ ದೊಡ್ಡಸ್ತಿಕೆ' ಎಂದರೆ ಹೊಗಳಿಕೆ. 'ದೊಡ್ಡಸ್ತಿಕೆ ತೋರಸ್ತಾನ' ಎಂದರೆ ಬೈಗುಳ. "ಗೌಡ್ರು ನಮ್ಮನ್ಯಾಗ ಕುಂತು ಚಾ ಕುಡದ್ರು" ಎಂದು ನಮ್ಮಜ್ಜ ಹೆಮ್ಮೆಯಿಂದ ಹೇಳುತ್ತಿದ್ದ. ಅದೇ ಮಾತು ನನಗೆ ಚುಚ್ಚುತ್ತಿತ್ತು. ಅಜ್ಜನಿಗೂ ನನಗೂ ನಡುವೆ ಏನು ಬದಲಾಯಿತೋ ಅದನ್ನು ಪಟ್ಟಿಯ ಬಲಬದಿಯಲ್ಲಿ ಬರೆಯಲು ಜಾಗವಿಲ್ಲ.

ಈ ಬಾಯಿಪಾಠದ ಓದನ್ನು ಗೇಲಿ ಮಾಡಿದ ಕಾದಂಬರಿಯೂ ಆ ಪಟ್ಟಿಗಳ ನಡುವೆಯೇ ಇದೆ: ಡಿಕನ್ಸ್‌ನ 'ಹಾರ್ಡ್ ಟೈಮ್ಸ್'. 1854ರಲ್ಲಿ ವಾರಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬಂದದ್ದು. ಆರಂಭದಲ್ಲೇ ಒಂದು ತರಗತಿ. ಸರ್ಕಸ್ಸಿನ ಕುದುರೆಗಳ ನಡುವೆ ಬೆಳೆದ ಸಿಸ್ಸಿ ಜೂಪ್‌ಗೆ ಕುದುರೆಯ ವ್ಯಾಖ್ಯೆ ಹೇಳಲು ಬರುವುದಿಲ್ಲ. ಬಿಟ್ಜರ್ ಎಂಬ ಹುಡುಗ ಎಷ್ಟು ಕಾಲು, ಏನು ಮೇವು, ಎಷ್ಟು ಹಲ್ಲು ಎಂದು ಒಂದೇ ಉಸಿರಿಗೆ ಒದರಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಾನೆ. ಹುಲ್ಲು ಮೇಯುವ ಪ್ರಾಣಿಗೆ ಅವನು ಬಳಸುವ ಪದ 'ಗ್ರಾಮಿನಿವೊರಸ್'. ಅದೂ ಅವಳ ನೋಟ್‌ಬುಕ್ಕಿನಲ್ಲಿತ್ತು.

ಡಿಕನ್ಸ್ ಈ ಹುಡುಗನನ್ನು ಅಲ್ಲಿಗೇ ಬಿಡುವುದಿಲ್ಲ. ಕೊನೆಯಲ್ಲಿ ಅದೇ ಬಿಟ್ಜರ್ ತನ್ನ ಗುರುವಿನ ಮಗನನ್ನು ಹಿಡಿದುಕೊಡಲು ಬರುತ್ತಾನೆ. ಗುರು ಕಂಗಾಲಾಗಿ, ನಿನಗೆ ಹೃದಯವಿದೆಯೇ ಎಂದು ಕೇಳಿದರೆ, ಅದಿಲ್ಲದೆ ರಕ್ತ ಹರಿಯುವುದು ಹೇಗೆ ಎನ್ನುತ್ತಾನೆ. 'ಹೃದಯ' ಎಂಬ ಪದಕ್ಕೆ ಅವನ ಪಟ್ಟಿಯಲ್ಲಿ ಒಂದೇ ಅರ್ಥ. ಆಮೇಲೆ ಸರ್ಕಸ್ಸಿನ ನಾಯಿ ಅವನನ್ನು ಕದಲಗೊಡದೆ ತಡೆಯುತ್ತದೆ, ಗಾಡಿಗೆ ಕಟ್ಟಿದ ಕುದುರೆ ಕುಣಿಯಲು ತೊಡಗುತ್ತದೆ. ಕುದುರೆಯ ಹಲ್ಲು ಎಣಿಸಿದವನು ಕುದುರೆಯ ಕೈಯಲ್ಲೇ ಸೋಲುತ್ತಾನೆ. ಇದು ಕಾಕತಾಳೀಯವಲ್ಲ, ಮೊದಲ ಪಾಠಕ್ಕೆ ಕಾದಂಬರಿ ಕೊಟ್ಟ ಉತ್ತರ.

ಆದರೂ ಡಿಕನ್ಸ್ ಮೇಲೆ ನನ್ನದೊಂದು ತಕರಾರಿದೆ. ಬಿಟ್ಜರ್‌ನನ್ನು ಆತ ತುಂಬ ತಣ್ಣಗೆ ಚಿತ್ರಿಸುತ್ತಾನೆ. ಆಸರೆಯಿಲ್ಲದ ಹುಡುಗನಿಗೆ ಬಾಯಿಪಾಠವೊಂದೇ ಏಣಿಯಾಗಿರಬಹುದು ಎಂಬುದರ ಮೇಲೆ ಕಾದಂಬರಿ ಹೆಚ್ಚು ನಿಲ್ಲುವುದಿಲ್ಲ. ನನ್ನ ವಿದ್ಯಾರ್ಥಿನಿಗೆ ಅಂಕ ಬೇಕು, ನೌಕರಿ ಬೇಕು. ನೋಟ್‌ಬುಕ್ ಹರಿದು ಹಾಕು ಎಂದು ಹೇಳಿದರೆ ಅದು ನನ್ನ ಕಾಂಡಿಸೆನ್ಷನ್ ಆದೀತು, ಇಂದಿನ ಅರ್ಥದಲ್ಲಿ.

ಹಾಗಾಗಿ ಒಂದು ಒಪ್ಪಂದಕ್ಕೆ ಬಂದೆವು. ದಿನಕ್ಕೆ ಇಪ್ಪತ್ತಲ್ಲ, ಐದು ಪದ. ಪ್ರತಿ ಪದದ ಮುಂದೆ ಅರ್ಥದ ಜೊತೆಗೆ ಇನ್ನೆರಡು ಸಾಲು: ಯಾರು ಯಾರಿಗೆ ಹೇಳಿದರು? ಕೇಳಿದವರಿಗೆ ಹೇಗೆ ಅನ್ನಿಸಿತು? ಇದನ್ನು ತುಂಬಬೇಕಾದರೆ ಅಧ್ಯಾಯ ಓದಲೇಬೇಕು. ಮೊದಲ ಓದಿಗೆ ನಿಘಂಟು ಮುಟ್ಟುವಂತಿಲ್ಲ. ಊಹಿಸಿ, ಆಮೇಲೆ ನೋಡಬೇಕು. ತಪ್ಪಿದ ಊಹೆಯೇ ಹೆಚ್ಚು ದಿನ ನೆನಪಿರುತ್ತದೆ ಎಂಬುದಕ್ಕೆ ನನ್ನ ಸೆಮಿನಾರೇ ಸಾಕ್ಷಿ.

ಅವಳ ಅವ್ವ ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಾಳೆ. ಹಿಡಿಯಷ್ಟು ಕೈಗೆತ್ತಿಕೊಂಡು, ಬಣ್ಣ ನೋಡಿ, ಬೆರಳಲ್ಲಿ ಅದುಮಿ ಇದು ಒಣಗಿದೆ, ಇದು ಇನ್ನೂ ಹಸಿ ಎನ್ನುತ್ತಾಳಂತೆ. ಮೊನ್ನೆ 'ಹಾರ್ಡ್ ಟೈಮ್ಸ್'ನ ಆ ತರಗತಿಯ ಭಾಗ ಓದಿ ಮುಗಿಸಿದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ದ್ರಾಕ್ಷಿ ಅಂದ್ರ ಏನಂತ ನಮ್ಮವ್ವಗ ಕೇಳಿದ್ರ ಆಕೀನೂ ಸುಮ್ನ ನಿಂದರ್ತಾಳ್ರಿ ಅಕ್ಕಾ" ಎಂದಳು. ನೋಟ್‌ಬುಕ್ಕಿನಲ್ಲಿ 'ಗ್ರಾಮಿನಿವೊರಸ್' ಮುಂದೆ, ಯಾರು ಹೇಳಿದರು ಎಂಬಲ್ಲಿ, ಬಿಟ್ಜರ್ ಎಂದು ಬರೆದಳು. ಕೇಳಿದವರಿಗೆ ಹೇಗೆ ಅನ್ನಿಸಿತು ಎಂಬಲ್ಲಿ: ಸಿಸ್ಸಿಗೆ ನಾಚಿಕೆ.